ಪರಿಮಳಕ್ಕೂ ಒಂದು ಪರೀಕ್ಷೆ

ಕಳೆದ ಭಾನುವಾರ ನಮ್ಮ ಮನೆಯಲ್ಲಿ ಒಂದು ಸಣ್ಣ ಮೊಕದ್ದಮೆ ನಡೆಯಿತು. ಆರೋಪಿಯು ಹೆಬ್ಬೆರಳಿನಷ್ಟೆತ್ತರದ ಒಂದು ಗಾಜಿನ ಶೀಶೆ. ಮಗಳ ಹುಟ್ಟುಹಬ್ಬಕ್ಕೆಂದು ನನ್ನಾಕೆ ಹಾಲಿನ ಪುಡಿಂಗು ಮಾಡಲು ಹೊರಟು, ಅಂಗಡಿಯಿಂದ ವೆನಿಲಾ ಎಸೆನ್ಸನ್ನು ತರಿಸಿದ್ದಳು. ನಮ್ಮ ತಾಯಿಯವರು ಆ ಶೀಶೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಅದರ ಮೇಲೆ ಇರುವೆಯ ಸಾಲಿನಂತೆ ಅಚ್ಚಾಗಿದ್ದ ಅಕ್ಷರಗಳನ್ನು ಕೂಡಿಸಿಕೊಂಡು ಓದಿದರು.

“ಕೃತಕ ಸುವಾಸನೆ ಅಂತ ಅವರೇ ಬರೆದುಕೊಂಡಿದ್ದಾರಲ್ಲೇ ಅಮ್ಮಾ! ಮಗುವಿನ ಹೊಟ್ಟೆಗೆ ಇದನ್ನು ಹಾಕ್ತೀಯಾ? ಮನೇಲಿ ಏಲಕ್ಕಿ ಇಲ್ಲವೆ?”

“ಪರೀಕ್ಷೆ ಮಾಡದೆ ಮಾರೋದಕ್ಕೆ ಬಿಡ್ತಾರೆಯೆ ಅತ್ತೆ? ಊರೆಲ್ಲ ತಿನ್ನುತ್ತೆ” ಎಂದಳು ಸೊಸೆ.

“ಊರೆಲ್ಲ ಹೊಗೆಸೊಪ್ಪೂ ತಿನ್ನುತ್ತೆ!”

ಎರಡು ಕಡೆಯ ವಕೀಲರೂ ನ್ಯಾಯಕ್ಕಾಗಿ ನನ್ನ ಕಡೆಗೆ ತಿರುಗಿದರು. ಇಂತಹ ಸಂದರ್ಭಗಳಲ್ಲಿ ವಿವೇಕಿಯಾದ ಗೃಹಸ್ಥನು ಪತ್ರಿಕೆಯನ್ನು ಮುಖದೆತ್ತರಕ್ಕೆ ಎತ್ತಿ ಹಿಡಿಯುತ್ತಾನೆ. ನಾನೂ ಹಾಗೆಯೇ ಮಾಡಿದೆ. ಆದರೆ ಪತ್ರಿಕೆಯ ಅಡಿಯಿಂದ ಎಂಟು ವರ್ಷದ ಮಗಳು ತಲೆಯಿಟ್ಟು, “ಅಪ್ಪಾ, ವಾಸನೆಗೆ ಪರೀಕ್ಷೆ ಹೇಗೆ ಮಾಡ್ತಾರೆ? ಮೂಸಿ ನೋಡಿಯೆ?” ಎಂದು ಕೇಳಿಬಿಟ್ಟಳು.

ಷಟ್ಪದಿಗೆ ಗಣವಿಭಾಗ ಮಾಡೆಂದರೆ ನಿದ್ದೆಗಣ್ಣಿನಲ್ಲಿಯೂ ಮಾಡಬಲ್ಲೆ. ಈ ಪ್ರಶ್ನೆಗೆ ಮಾತ್ರ ಉತ್ತರ ತೋಚಲಿಲ್ಲ. ಮರುದಿನದಿಂದ ಎರಡು ದಿನ ನಮ್ಮ ಕಾಲೇಜಿನ ಜೀವಶಾಸ್ತ್ರದ ಮಿತ್ರರೊಬ್ಬರ ತಿಂಡಿಯ ವೇಳೆಯೆಲ್ಲ ನನ್ನ ಪಾಲಾಯಿತು. ಅವರು ಹೇಳಿದ್ದನ್ನೂ, ಅವರು ಕೊಟ್ಟ ಪುಸ್ತಕಗಳಲ್ಲಿ ನಾನು ಕಂಡದ್ದನ್ನೂ ಸೇರಿಸಿ ಈ ವಾರ ವಾಚಕರ ಮುಂದಿಡುತ್ತಿದ್ದೇನೆ. ಇಂತಹ ಶೀಶೆಯೊಂದು ನಿಮ್ಮ ಮನೆಯ ಬಡುವಿನಲ್ಲಿಯೂ ಇದ್ದೇ ಇರಬೇಕಷ್ಟೆ.

ಪರಿಮಳದ ವಿದ್ಯೆ ನಮಗೆ ಹೊಸದಲ್ಲ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥವು ಅಂತರ್ಜಲವನ್ನು ಗುರುತಿಸುವುದು, ಮನೆ ಕಟ್ಟುವುದು, ಅಡಿಗೆ ಮಾಡುವುದು, ಇವುಗಳ ಜೊತೆಗೆ ಸುಗಂಧಗಳನ್ನು ಕೂಡಿಸುವ ಬಗೆಯನ್ನೂ ಹೇಳುತ್ತದೆ. ಒಂದು ಸಂಸಾರಕ್ಕೆ ನೀರು, ನೆರಳು, ಅನ್ನ ಎಷ್ಟು ಅಗತ್ಯವೋ ಪರಿಮಳವೂ ಅಷ್ಟೇ ಅಗತ್ಯವೆಂಬುದು ಆ ಹಿರಿಯನ ಭಾವನೆಯಾಗಿದ್ದಿರಬೇಕು. ಆದರೆ ಅವನ ಕಾಲದ ಗಂಧಕಾರನ ಕೈಯಲ್ಲಿ ಇದ್ದವು ಶ್ರೀಗಂಧ, ಕರ್ಪೂರ, ಅಗರು, ಕಸ್ತೂರಿಗಳಂತಹ ದ್ರವ್ಯಗಳು. ಮರ, ಬೇರು, ಹೂವು, ಮೃಗಗಳಿಂದ ಪಡೆದವು. ಅವನು ಪರಿಮಳಗಳನ್ನು ಕೂಡಿಸುತ್ತಿದ್ದನೇ ಹೊರತು ಸೃಷ್ಟಿಸುತ್ತಿರಲಿಲ್ಲ.

ಸೃಷ್ಟಿಸುವ ಕಾಲ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಕೃತಕ ಬಣ್ಣಗಳನ್ನು ಕಂಡುಹಿಡಿದು ಹೆಸರಾದ ಇಂಗ್ಲೆಂಡಿನ ಪರ್ಕಿನ್ 1868ರಲ್ಲಿ ಕೂಮರಿನ್ ಎಂಬ ಸುಗಂಧವಸ್ತುವನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿದನು. 1858ರಲ್ಲಿ ಫ್ರಾನ್ಸಿನ ಗೋಬ್ಲಿ ಎಂಬಾತನು ವೆನಿಲಾ ಕೋಡಿನಿಂದ ಅದರ ಪರಿಮಳದ ಸಾರವಾದ ವೆನಿಲಿನ್ನನ್ನು ಬೇರ್ಪಡಿಸಿದ್ದನು. 1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಎಂಬಿಬ್ಬರು ಅದನ್ನೇ ಪೈನ್ ಮರದ ರಸದಲ್ಲಿರುವ ವಸ್ತುವೊಂದರಿಂದ ತಯಾರಿಸಿ ತೋರಿಸಿದರು. 1888ರಲ್ಲಿ ಆಲ್ಬರ್ಟ್ ಬಾವರ್ ಎಂಬ ರಸಾಯನಜ್ಞನು ಸಿಡಿಮದ್ದಿನ ಜಾತಿಯ ವಸ್ತುಗಳನ್ನು ಕುರಿತು ಕೆಲಸ ಮಾಡುತ್ತಿರುವಾಗ ಕಸ್ತೂರಿಯ ವಾಸನೆ ಹೊರಟಿತು. ಮದ್ದುಗುಂಡಿನ ಮನೆಯಲ್ಲಿ ಕಸ್ತೂರಿ ಹುಟ್ಟಿದ ಸೋಜಿಗ ಇದು. ಅಲ್ಲಿಂದ ಮುಂದೆ ಈ ಸಂತಾನ ಬೆಳೆದು ಎಲ್ಲಿಗೆ ಬಂದಿದೆಯೆಂದರೆ, ಯೂರೋಪಿನ ಒಕ್ಕೂಟವು ಆಹಾರದಲ್ಲಿ ಬಳಸಬಹುದೆಂದು 2012ರಲ್ಲಿ ಒಪ್ಪಿದ ಸುವಾಸನಾವಸ್ತುಗಳ ಪಟ್ಟಿಯಲ್ಲಿಯೇ ಎರಡೂವರೆ ಸಾವಿರಕ್ಕೂ ಹೆಚ್ಚಿನ ಹೆಸರುಗಳಿದ್ದವು.

ಇಷ್ಟೊಂದು ಹೊಸ ನೆಂಟರು ಮನೆಯೊಳಕ್ಕೆ ಬಂದಾಗ ಅವರ ಕುಲಗೋತ್ರಗಳನ್ನು ವಿಚಾರಿಸದೆ ಇರಲಾದೀತೆ? ತಿಂದ ಕೂಡಲೆ ವಾಂತಿಯಾದರೆ, ಮೈಗೆ ಹಚ್ಚಿದ ಕೂಡಲೆ ದದ್ದು ಎದ್ದರೆ, ಅದು ಕೆಟ್ಟದ್ದೆಂದು ಯಾರಾದರೂ ಹೇಳಿಯಾರು. ಸದ್ದಿಲ್ಲದೆ ಒಳಹೊಕ್ಕು, ನಮ್ಮ ಜೀವಕಣಗಳಲ್ಲಿರುವ ವಂಶವಾಹಿಗಳ ಬರಹವನ್ನೇ ತಿದ್ದಿಬಿಡುವ ವಸ್ತುವನ್ನು ಹಿಡಿಯುವುದು ಹೇಗೆ?

ಆ ಬರಹವೆಂದರೆ ಡಿಎನ್‌ಎ. ಹಳಗನ್ನಡದ ಓಲೆಗರಿಗಳೊಡನೆ ಒಡನಾಡಿದ ನನಗೆ ಇದನ್ನು ಲಿಪಿಕಾರನ ಉಪಮಾನದಿಂದ ಹೇಳುವುದು ಸುಲಭ. ಒಂದು ಜೀವಕಣ ಎರಡಾಗುವಾಗ ಒಳಗಿನ ಗ್ರಂಥವನ್ನೆಲ್ಲ ಪ್ರತಿಮಾಡಬೇಕು. ಪ್ರತಿಮಾಡುವಲ್ಲಿ ಅಕ್ಷರ ತಪ್ಪಬಹುದು, ಗರಿ ಮುರಿಯಬಹುದು, ಒಂದು ಕಟ್ಟಿನ ಗರಿ ಇನ್ನೊಂದು ಕಟ್ಟಿಗೆ ಸೇರಬಹುದು. ಬಹುಪಾಲು ತಪ್ಪುಗಳನ್ನು ಜೀವಕಣವೇ ತಿದ್ದಿಕೊಳ್ಳುತ್ತದೆ. ತಿದ್ದದೆ ಉಳಿದ ತಪ್ಪಿಗೆ ಉತ್ಪರಿವರ್ತನೆಯೆಂದು ಹೆಸರು. ಅದು ಮೈಯ ಸಾಮಾನ್ಯ ಕಣದಲ್ಲಿ ಉಳಿದರೆ ಮುಂದೆಂದೋ ಕ್ಯಾನ್ಸರಿಗೆ ಬೀಜವಾಗಬಹುದು. ಸಂತಾನದ ಕಣದಲ್ಲಿ ಉಳಿದರೆ ಇನ್ನೂ ಹುಟ್ಟದ ಕೂಸಿಗೆ ಬಳುವಳಿಯಾಗಿ ಹೋಗಬಹುದು. ಕ್ಷ-ಕಿರಣಗಳು ಹಣ್ಣಿನ ನೊಣಗಳಲ್ಲಿ ಇಂತಹ ತಪ್ಪುಗಳನ್ನು ಹುಟ್ಟಿಸುತ್ತವೆಂದು ಅಮೆರಿಕದ ಮುಲ್ಲರ್ 1927ರಲ್ಲಿ ತೋರಿಸಿದನು. ರಾಸಾಯನಿಕಗಳೂ ಇದೇ ಕೆಲಸವನ್ನು ಮಾಡಬಲ್ಲವೆಂದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಎಡಿನ್‌ಬರೋದಲ್ಲಿದ್ದ ಷಾರ್ಲಟ್ ಔಅರ್‌ಬಾಕ್ ಎಂಬ ವಿದುಷಿ ಸಾಸಿವೆ ಅನಿಲದಿಂದ ಕಂಡುಹಿಡಿದಳು. ಯುದ್ಧರಹಸ್ಯವಾದ್ದರಿಂದ ಆ ಸಂಗತಿ ಪೂರ್ಣವಾಗಿ ಬೆಳಕಿಗೆ ಬಂದದ್ದು ಯುದ್ಧ ಮುಗಿದ ಮೇಲೆ.

ಆದರೆ ನೊಣಗಳನ್ನು ತಲೆತಲಾಂತರ ಸಾಕಿ ನೋಡುವುದೂ, ಇಲಿಗಳಿಗೆ ಎರಡು ವರ್ಷ ತಿನ್ನಿಸಿ ಕಾಯುವುದೂ ಸಾವಿರಾರು ವಸ್ತುಗಳಿಗೆ ಆಗುವ ಕೆಲಸವಲ್ಲ. ಬೇಗ ಆಗಬೇಕು, ಅಗ್ಗವಾಗಿರಬೇಕು, ಆದರೂ ನಂಬುವಂತಿರಬೇಕು. ಅಂತಹ ಉಪಾಯವನ್ನು ಹೂಡಿದವರು ಬ್ರೂಸ್ ಏಮ್ಸ್. ಅವರು 1964ರಲ್ಲಿ ಆಲೂಗಡ್ಡೆ ಚಿಪ್ಸಿನ ಪೊಟ್ಟಣವೊಂದರ ಮೇಲಿನ ಪದಾರ್ಥಗಳ ಪಟ್ಟಿಯನ್ನು ಓದುತ್ತ, ಇವುಗಳಲ್ಲಿ ಯಾವುದಾದರೂ ವಂಶವಾಹಿಗಳಿಗೆ ಕೇಡು ಮಾಡುತ್ತಿರಬಹುದೆ ಎಂದು ಚಿಂತಿಸಿದರಂತೆ. ನಮ್ಮ ತಾಯಿಯವರು ಶೀಶೆಯನ್ನು ಓದಿದ ರೀತಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಚೀಟಿಯನ್ನು ಓದುವ ಅಜ್ಜಿಯರನ್ನು ನಾವು ನಗಬಾರದು.

ಏಮ್ಸರು 1970ರ ದಶಕದ ಮೊದಲಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ರೂಪಿಸಿದ ಪರೀಕ್ಷೆಯ ಮರ್ಮ ಇಷ್ಟೆ. ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯದ ವಿಶೇಷ ತಳಿಗಳನ್ನು ಅವರು ಆರಿಸಿಕೊಂಡರು. ಈ ತಳಿಗಳಲ್ಲಿ ಮೊದಲೇ ಒಂದು ಅಕ್ಷರ ತಪ್ಪಿರುತ್ತದೆ. ಅದರಿಂದಾಗಿ ಹಿಸ್ಟಿಡೀನ್ ಎಂಬ ಪೋಷಕವಸ್ತುವನ್ನು ಅವು ತಾವಾಗಿ ತಯಾರಿಸಿಕೊಳ್ಳಲಾರವು. ಹಿಸ್ಟಿಡೀನ್ ಇಲ್ಲದ ಆಹಾರದ ಮೇಲೆ ಅವನ್ನು ಬಿತ್ತಿದರೆ ಉಪವಾಸ ಬಿದ್ದು ಬೆಳೆಯದೆ ಹೋಗುತ್ತವೆ. ಅದೇ ತಟ್ಟೆಗೆ ಪರೀಕ್ಷಿಸಬೇಕಾದ ವಸ್ತುವನ್ನು ಸೇರಿಸಿ ಎರಡು ಮೂರು ದಿನ ಬೆಚ್ಚಗಿಡುತ್ತಾರೆ. ಆ ವಸ್ತು ಡಿಎನ್‌ಎಯ ಬರಹವನ್ನು ಕೆಡಿಸುವ ಗುಣವುಳ್ಳದ್ದಾದರೆ, ಕೋಟ್ಯಂತರ ಬ್ಯಾಕ್ಟೀರಿಯಗಳಲ್ಲಿ ಕೆಲವಕ್ಕೆ ಆ ಹಳೆಯ ತಪ್ಪೇ ಮತ್ತೊಮ್ಮೆ ತಪ್ಪಿ ಸರಿಹೋಗುತ್ತದೆ! ಹಾಗೆ ಸರಿಹೋದವು ಹಸಿವು ಕಳೆದುಕೊಂಡು ಬೆಳೆದು, ತಟ್ಟೆಯ ಮೇಲೆ ಕಣ್ಣಿಗೆ ಕಾಣುವ ಚುಕ್ಕೆಗಳಾಗುತ್ತವೆ. ತಾವಾಗಿಯೇ ಮೂಡುವ ಚುಕ್ಕೆಗಳು ಒಂದಿಷ್ಟು ಇದ್ದೇ ಇರುತ್ತವೆ. ವಸ್ತುವಿನ ಪ್ರಮಾಣ ಹೆಚ್ಚಿದಂತೆ ಚುಕ್ಕೆಗಳೂ ಹೆಚ್ಚುತ್ತ ಹೋದರೆ ವಸ್ತು ತಪ್ಪಿತಸ್ಥನೆಂದು ತಿಳಿಯಬೇಕು. ನಾವು ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ತಪ್ಪುಗಳನ್ನೆಣಿಸುತ್ತೇವೆ. ಅವರು ಸರಿಯಾದವನ್ನು ಎಣಿಸಿ ತಪ್ಪನ್ನು ಹಿಡಿಯುತ್ತಾರೆ.

ಏಮ್ಸರು ಈ ತಳಿಗಳನ್ನು ಕೇಳಿದ ಪ್ರಯೋಗಶಾಲೆಗಳಿಗೆಲ್ಲ ಹಣ ಪಡೆಯದೆ ಹಂಚಿದರು. ಮಕ್ಕಳ ರಾತ್ರಿಯುಡುಪಿಗೆ ಬೆಂಕಿ ಹತ್ತದಂತೆ ಹಚ್ಚುತ್ತಿದ್ದ ಟ್ರಿಸ್ ಎಂಬ ರಾಸಾಯನಿಕವು ಇದೇ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು, 1977ರಲ್ಲಿ ಅಮೆರಿಕದಲ್ಲಿ ಮಕ್ಕಳ ಬಟ್ಟೆಗಳಿಂದ ಹೊರದೂಡಲ್ಪಟ್ಟಿತು. ಅವರು 2024ರಲ್ಲಿ ತೀರಿಕೊಂಡರು. ಇಂದಿಗೂ ಹೊಸದೊಂದು ಸುವಾಸನಾವಸ್ತು ಬಂದಾಗ ಮೊದಲು ಅದನ್ನು ನಿಲ್ಲಿಸಿ ಕೇಳುವ ಬಾಗಿಲು ಅವರ ಪರೀಕ್ಷೆಯದೇ.

ಹೀಗಿದ್ದರೂ ಬ್ಯಾಕ್ಟೀರಿಯ ಮನುಷ್ಯನಲ್ಲವಷ್ಟೆ. ಅನೇಕ ವಸ್ತುಗಳು ಬಾಯಿಗೆ ಹೋಗುವಾಗ ಸಾಧುಗಳಾಗಿರುತ್ತವೆ. ನಮ್ಮ ಯಕೃತ್ತು ಅವನ್ನು ಜೀರ್ಣಿಸಿ ಹೊರಕ್ಕೆ ಕಳಿಸಲು ರೂಪ ಬದಲಿಸುವಾಗ ದುಷ್ಟರಾಗುತ್ತವೆ. ಇದಕ್ಕಾಗಿಯೇ ಇಲಿಯ ಯಕೃತ್ತನ್ನು ಅರೆದು ಸೋಸಿದ ಸಾರವನ್ನೂ ಅದೇ ತಟ್ಟೆಗೆ ಬೆರೆಸುತ್ತಾರೆ. ಆದರೆ ಈ ಬಲೆಗೂ ಕಂಡಿಗಳಿವೆ. ಮಿಥೈಲ್ ಯೂಜಿನಾಲ್ ಎಂಬ ಪರಿಮಳವಸ್ತುವು ಮಾಮೂಲು ಏಮ್ಸ್ ಪರೀಕ್ಷೆಯಲ್ಲಿ ಹಲವು ಸಲ ನಿರ್ದೋಷಿಯಾಗಿ ಹೊರಬಂದಿತು. ಇಲಿಗಳಿಗೆ ದೀರ್ಘಕಾಲ ತಿನ್ನಿಸಿದಾಗ ಅವುಗಳ ಯಕೃತ್ತಿನಲ್ಲಿ ಗಂತಿಗಳೆದ್ದವು. ಜೀವಂತ ಯಕೃತ್ತಿನಲ್ಲಿ ನಡೆಯುವ ಇನ್ನೂ ಒಂದು ಕ್ರಿಯೆಯಿಂದ ಆ ವಸ್ತುವಿಗೆ ಡಿಎನ್‌ಎಗೆ ಅಂಟಿಕೊಳ್ಳುವ ಕೊಕ್ಕೆ ಮೂಡುತ್ತದೆ. ತಟ್ಟೆಯಲ್ಲಿ ಆ ಕ್ರಿಯೆ ನಡೆಯುವುದೇ ಇಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2023ರಲ್ಲಿ ಅದನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರಕಾರಿಯಾದ ವಸ್ತುಗಳ ಗುಂಪಿಗೆ ಸೇರಿಸಿತು.

ಆದ್ದರಿಂದ ಒಬ್ಬನೇ ಸಾಕ್ಷಿಯ ಮಾತನ್ನು ನಂಬಿ ತೀರ್ಪು ಕೊಡುವುದಿಲ್ಲ. ಎರಡನೆಯ ಸಾಕ್ಷಿ, ವರ್ಣತಂತುಗಳ ಮುರಿತವನ್ನು ಹುಡುಕುವ ಪರೀಕ್ಷೆ: ಜೀವಕಣ ಎರಡಾಗುವಾಗ ಮುರಿದ ತುಂಡುಗಳು ಹಿಂದುಳಿದು, ದೊಡ್ಡ ಕಣಬೀಜದ ಪಕ್ಕದಲ್ಲಿ ಪುಟಾಣಿ ಬೀಜಗಳಾಗಿ ನಿಲ್ಲುತ್ತವೆ; ಅವನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಮೂರನೆಯ ಸಾಕ್ಷಿಗೆ ಧೂಮಕೇತು ಪರೀಕ್ಷೆಯೆಂಬ ಚೆಲುವಾದ ಹೆಸರಿದೆ. ನರೇಂದ್ರ ಸಿಂಗ್ ಮತ್ತು ಅವರ ಸಂಗಡಿಗರು 1988ರಲ್ಲಿ ಇದಕ್ಕೆ ಈಗಿನ ರೂಪವನ್ನು ಕೊಟ್ಟರು. ಜೀವಕಣವನ್ನು ಅಂಟಿನಲ್ಲಿ ಹುದುಗಿಸಿ ವಿದ್ಯುತ್ತನ್ನು ಹರಿಸಿದರೆ, ಗಟ್ಟಿಯಾದ ಡಿಎನ್‌ಎ ಇದ್ದಲ್ಲಿಯೇ ದುಂಡಗೆ ಕುಳಿತಿರುತ್ತದೆ. ತುಂಡಾದದ್ದು ಮುಂದೆ ಸರಿದು ಬಾಲವಾಗುತ್ತದೆ. ಬಾಲ ಉದ್ದವಾದಷ್ಟೂ ಕೇಡು ಹೆಚ್ಚು. ಆಕಾಶದ ಧೂಮಕೇತು ಕೇಡನ್ನು ಸೂಚಿಸುತ್ತದೆಂಬುದು ನಮ್ಮ ಹಿರಿಯರ ನಂಬಿಕೆ. ಸೂಕ್ಷ್ಮದರ್ಶಕದ ಅಡಿಯ ಧೂಮಕೇತುವಂತೂ ನಿಜವಾಗಿಯೂ ಸೂಚಿಸುತ್ತದೆ.

ಈ ಸಾಕ್ಷಿಗಳು ಒಂದು ಮೊಕದ್ದಮೆಯಲ್ಲಿ ಹೇಗೆ ನುಡಿದವೆಂಬುದನ್ನು ಹೇಳುತ್ತೇನೆ. ಕಿತ್ತಳೆ ನಿಂಬೆಗಳ ರುಚಿಯನ್ನು ತರುವುದಕ್ಕೆ ಬಳಸುತ್ತಿದ್ದ ಪೆರಿಲಾ ಆಲ್ಡಿಹೈಡ್ ಎಂಬ ವಸ್ತುವೊಂದು ಇದ್ದಿತು. ಎರಡೂವರೆ ಸಾವಿರ ವಸ್ತುಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಕಷ್ಟವಾದ್ದರಿಂದ, ಯೂರೋಪಿನಲ್ಲಿ ಒಂದೇ ಬಗೆಯ ರಚನೆಯುಳ್ಳವನ್ನು ಗುಂಪುಗೂಡಿಸಿ, ಗುಂಪಿಗೊಬ್ಬ ಪ್ರತಿನಿಧಿಯನ್ನು ಪರೀಕ್ಷೆಗೆ ನಿಲ್ಲಿಸುತ್ತಾರೆ. ಪೆರಿಲಾ ಆಲ್ಡಿಹೈಡ್ ಅಂತಹ ಒಂದು ಗುಂಪಿನ ಪ್ರತಿನಿಧಿ. ಪರೀಕ್ಷೆಯನ್ನು ಮಾಡಿಸಬೇಕಾದ ಹೊಣೆ ತಯಾರಕರದೇ, ಅವರೂ ಮಾಡಿಸಿದರು. ಇಲಿಗಳ ಅಸ್ಥಿಮಜ್ಜೆಯಲ್ಲಿ ಪುಟಾಣಿ ಬೀಜಗಳು ಹೆಚ್ಚಲಿಲ್ಲ. ಆದರೆ ಯಕೃತ್ತಿನ ಕಣಗಳಲ್ಲಿ ಧೂಮಕೇತುವಿನ ಬಾಲ ಮೂಡಿತು. ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2015ರ ಜುಲೈ ತಿಂಗಳಲ್ಲಿ ಅದನ್ನು ವಂಶವಾಹಿಗಳಿಗೆ ಹಾನಿಕರವೆಂದು ಸಾರಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅದರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದರು. ಅಷ್ಟು ವರ್ಷ ಜನರ ನಾಲಿಗೆಯ ಮೇಲೆ ನಲಿದ ವಸ್ತುವಿಗೆ ಕೊನೆಗೂ ಲೆಕ್ಕ ಕೇಳಿದ್ದು ಆಗ.

ಇಲ್ಲಿ ವಾಚಕರು ಕೇಳಬಹುದು: ವಿಷವೆಂದರೆ ಪ್ರಮಾಣದ ಮಾತಲ್ಲವೆ? ಚಿಟಿಕೆಯಷ್ಟಕ್ಕೆ ಇಷ್ಟು ಗಾಬರಿಯೇಕೆ? ಹೌದು, ಉಳಿದ ವಿಷಗಳಿಗೆ ಆ ಮಾತು ಸಲ್ಲುತ್ತದೆ. ಕೂಮರಿನ್ನನ್ನೇ ನೋಡಿ. ಯಕೃತ್ತಿಗೆ ತೊಂದರೆ ಕೊಡುತ್ತದೆಂದು ಅಮೆರಿಕದವರು 1954ರಲ್ಲಿ ಅದನ್ನು ಆಹಾರದಿಂದ ತೆಗೆದರು. ಆದರೆ ಅದು ಡಿಎನ್‌ಎಗೆ ಅಂಟಿಕೊಳ್ಳುವುದಿಲ್ಲವೆಂದು ತಿಳಿದುಬಂದದ್ದರಿಂದ, ಯೂರೋಪಿನವರು 2004ರಲ್ಲಿ ದೇಹತೂಕದ ಒಂದು ಕಿಲೋಗ್ರಾಮಿಗೆ ದಿನಕ್ಕೆ 0.1 ಮಿಲಿಗ್ರಾಮಿನವರೆಗೆ ಸಹಿಸಬಹುದೆಂದು ಗೆರೆ ಎಳೆದರು. ವಂಶವಾಹಿಯನ್ನು ನೇರವಾಗಿ ಕೆಡಿಸುವ ವಸ್ತುವಿಗೆ ಹಾಗೆ ನಿಶ್ಚಿಂತೆಯ ಗೆರೆಯೊಂದನ್ನು ಎಳೆಯಲು ವಿಜ್ಞಾನಿಗಳು ಹಿಂಜರಿಯುತ್ತಾರೆ. ಒಂದೇ ಒಂದು ಕಣದ ಒಂದೇ ಒಂದು ಅಕ್ಷರ ತಪ್ಪಿದರೂ ಸಾಕೇನೋ ಎಂಬ ಶಂಕೆ ಅವರದು. ಅಂತಹ ಶಂಕೆಗೊಳಗಾದ, ಹೆಚ್ಚಿನ ವಿವರ ತಿಳಿಯದ ವಸ್ತು ಒಬ್ಬ ಮನುಷ್ಯನಿಗೆ ದಿನಕ್ಕೆ 0.15 ಮೈಕ್ರೋಗ್ರಾಮಿಗಿಂತ ಹೆಚ್ಚು ಸೇರಬಾರದೆಂದು ಒಂದು ಮಿತಿಯನ್ನು ಬಳಸುತ್ತಾರೆ. ಪುಡಿ ಉಪ್ಪಿನ ಒಂದು ಹರಳನ್ನು ನೂರಾರು ಭಾಗ ಮಾಡಿದರೆ ಅದರಲ್ಲೊಂದು ಭಾಗ! ವಂಶವಾಹಿಯ ಪರೀಕ್ಷೆ ಉಳಿದ ಪರೀಕ್ಷೆಗಳಿಗಿಂತ ಮೊದಲು ನಡೆಯಬೇಕಾದ ಕಾರಣ ಇದೇ. ಅದರ ಉತ್ತರದ ಮೇಲೆ ಮುಂದಿನ ಲೆಕ್ಕವೆಲ್ಲ ನಿಂತಿದೆ.

ಇಷ್ಟನ್ನು ತಿಳಿದುಕೊಂಡು ಮನೆಗೆ ಬಂದು, ಊಟವಾದ ಮೇಲೆ ಎಲ್ಲರಿಗೂ ವಿವರಿಸಿದೆ. ನಮ್ಮ ತಾಯಿಯವರ ಮುಖದಲ್ಲಿ ವಿಜಯದ ಕಳೆಯೇರಿತು. “ನಾನು ಹೇಳಲಿಲ್ಲವೆ? ಕೃತಕ ಅಂದಮೇಲೆ ಕೃತಕವೇ. ದೇವರು ಕೊಟ್ಟದ್ದಕ್ಕೆ ಸಮ ಯಾವುದು?”

ಆಗ ನಾನು ಹೇಳಬೇಕಾದ ಮಾತು ತುಸು ಕಹಿಯಾಗಿದ್ದಿತು. ವೆನಿಲಿನ್ ವೆನಿಲಾ ಕೋಡಿನಿಂದ ಬಂದರೂ ಕಾರ್ಖಾನೆಯಿಂದ ಬಂದರೂ ಅದೇ ಅಣು. ಮೈಗೆ ಅದರ ತೌರುಮನೆ ತಿಳಿಯದು. ಬ್ಯಾಕ್ಟೀರಿಯಗಳ ಪರೀಕ್ಷೆಯಲ್ಲಿ ವೆನಿಲಿನ್ ಉತ್ಪರಿವರ್ತನೆಯನ್ನು ಹುಟ್ಟಿಸಲಿಲ್ಲ. ಇತ್ತ ಮಿಥೈಲ್ ಯೂಜಿನಾಲ್ ಎಂದೆನಲ್ಲ, ಅದನ್ನು ಮನುಷ್ಯ ಕಟ್ಟಿದ್ದಷ್ಟೇ ಅಲ್ಲ. ನಮ್ಮ ತುಳಸಿಯ ಎಲೆಯಲ್ಲಿಯೂ ಅದು ಸ್ವಲ್ಪ ಇದೆ. ಇನ್ನು, ನನ್ನನ್ನೂ ನನ್ನ ಮಗಳನ್ನೂ ಸೇರಿಸಿ ನಮ್ಮ ಮನೆಯ ಹಸುಗೂಸುಗಳಿಗೆಲ್ಲ ಅಮ್ಮ ಸಾಣೆಯ ಮೇಲೆ ತೇಯ್ದು ನೆಕ್ಕಿಸಿದ ಬಜೆಯ ಬೇರಿನ ಕಥೆ. ಅದರ ಪರಿಮಳದಲ್ಲಿ ಬೀಟಾ ಅಸರೋನ್ ಎಂಬ ವಸ್ತುವಿದೆ. ನಮ್ಮ ದೇಶದ ಬಜೆಯಲ್ಲಿ ಅದರ ಪ್ರಮಾಣ ಹೆಚ್ಚು. ಜಮ್ಮುವಿನ ಬಜೆಯೆಣ್ಣೆಯನ್ನು ತಿನ್ನಿಸಿದ ಇಲಿಗಳ ಕರುಳಿನಲ್ಲಿ ಗಂತಿಗಳು ಕಂಡುಬಂದು, ಅಮೆರಿಕದವರು 1968ರಲ್ಲಿ ಬಜೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿದರು. ನಮ್ಮ ದೇಶದ 2011ರ ಆಹಾರ ನಿಯಮಗಳಲ್ಲಿಯೂ ಸುವಾಸನೆಗಾಗಿ ಬೆರೆಸಬಾರದ ವಸ್ತುಗಳ ಪಟ್ಟಿಯಿದೆ. ಕೂಮರಿನ್, ಸಫ್ರೋಲ್, ಮಿಥೈಲ್ ಯೂಜಿನಾಲ್ಗಳ ಜೊತೆಗೆ ಬೀಟಾ ಅಸರೋನ್ ಕೂಡ ಆ ಪಟ್ಟಿಯಲ್ಲಿ ಕುಳಿತಿದೆ.

ಅಮ್ಮ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ನನಗೇನು ಗೊತ್ತಿತ್ತಪ್ಪ! ನಮ್ಮಮ್ಮ ನನಗೆ ನೆಕ್ಕಿಸಿದ್ದಳು” ಎಂದರು. ಆ ಧ್ವನಿಯನ್ನು ಕೇಳಿ ನನ್ನ ಪಾಂಡಿತ್ಯಪ್ರದರ್ಶನದ ಬಗೆಗೆ ನನಗೇ ನಾಚಿಕೆಯಾಯಿತು. ತಿಳಿಯದ ಕಾಲದಲ್ಲಿ ಪ್ರೀತಿಯಿಂದ ಮಾಡಿದ್ದು ತಪ್ಪಲ್ಲ. ತಿಳಿದ ಮೇಲೆ ಹಠದಿಂದ ಮಾಡುವುದು ತಪ್ಪು. ಚಿಟಿಕೆ ತುಳಸಿಯ ತೀರ್ಥಕ್ಕೆ ಯಾರೂ ಹೆದರಬೇಕಾಗಿಲ್ಲವೆಂದು ನಾನು ಸಮಾಧಾನ ಹೇಳಿದೆ. ಏಮ್ಸರೇ ಮುಂದೆ 1990ರ ಸುಮಾರಿಗೆ ಎಚ್ಚರಿಸಿದ್ದು ಇದನ್ನೇ: ಗಿಡಮರಗಳು ತಮ್ಮ ರಕ್ಷಣೆಗಾಗಿ ತಾವೇ ತಯಾರಿಸಿಕೊಳ್ಳುವ ವಸ್ತುಗಳನ್ನೂ ಭಾರಿ ಪ್ರಮಾಣದಲ್ಲಿ ಇಲಿಗಳಿಗೆ ತಿನ್ನಿಸಿ ನೋಡಿದಾಗ, ಪರೀಕ್ಷಿಸಿದವುಗಳಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರ್ ತಂದವು. ಹಾಗೆಂದು ಸೊಪ್ಪು ತರಕಾರಿಗಳನ್ನು ಬಿಡಬೇಕೆಂದು ಅವರು ಹೇಳಲಿಲ್ಲ. ಹೆಚ್ಚು ತಿನ್ನಿರೆಂದೇ ಹೇಳಿದರು. ಅವರು ಕೇಳಿಕೊಂಡದ್ದು, ಪ್ರಕೃತಿಯನ್ನೂ ಕಾರ್ಖಾನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿರೆಂದು.

ಕಾನೂನಿನ ತಕ್ಕಡಿ ಮಾತ್ರ ಎಲ್ಲ ಕಾಲಕ್ಕೂ ಹಾಗೆ ತೂಗುವುದಿಲ್ಲ. ಅಮೆರಿಕದ 1958ರ ಆಹಾರ ಕಾನೂನಿನಲ್ಲಿ ಡಿಲೇನಿ ಎಂಬ ಶಾಸಕರ ಹೆಸರಿನ ಒಂದು ನಿಬಂಧನೆಯಿದೆ: ಮನುಷ್ಯನಿಗಾಗಲಿ ಪ್ರಾಣಿಗಾಗಲಿ ಕ್ಯಾನ್ಸರ್ ತರುವುದೆಂದು ಕಂಡ ವಸ್ತುವನ್ನು ಎಷ್ಟು ಸ್ವಲ್ಪವಾದರೂ ಆಹಾರಕ್ಕೆ ಬೆರೆಸಕೂಡದು. ಅದರ ಅನ್ವಯ 2018ರ ಅಕ್ಟೋಬರಿನಲ್ಲಿ ಮಿಥೈಲ್ ಯೂಜಿನಾಲ್, ಪ್ಯೂಲಿಗೋನ್, ಮಿರ್ಸೀನ್ ಮೊದಲಾದ ಆರು ಕೃತಕ ಸುವಾಸನಾವಸ್ತುಗಳ ಅನುಮತಿಯನ್ನು ಅಲ್ಲಿಯ ಸರ್ಕಾರ ಹಿಂತೆಗೆದುಕೊಂಡಿತು. ಬಳಸುವ ಅಲ್ಪಪ್ರಮಾಣದಲ್ಲಿ ಇವುಗಳಿಂದ ಜನರಿಗೆ ಅಪಾಯ ಕಾಣುವುದಿಲ್ಲವೆಂದು ಹೇಳುತ್ತಲೇ, ಕಾನೂನಿಗೆ ತಲೆಬಾಗಿ ತೆಗೆದುಹಾಕಿತು! ಅವೇ ಅಣುಗಳು ಪುದೀನ ಮೆಣಸುಗಳ ಜೊತೆಯಲ್ಲಿ ಸಹಜವಾಗಿ ಬಂದರೆ ಅಡ್ಡಿಯಿಲ್ಲ. ಹಾಸ್ಯವೆನಿಸಬಹುದು, ಆದರೆ ಬೇಕೆಂದು ಬೆರೆಸಿದವನ ಹೊಣೆ ದೊಡ್ಡದೆಂಬ ನ್ಯಾಯವೂ ಅದರಲ್ಲಿದೆ.

ಈ ವಿಚಾರಗಳನ್ನೆಲ್ಲ ಓದುತ್ತಿರುವಾಗ ಒಂದು ಪುಟ ನನ್ನನ್ನು ತಡೆದು ನಿಲ್ಲಿಸಿತು. ಲಿಯೋನ್ ನಗರದಲ್ಲಿರುವ ಅದೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1986ರಲ್ಲಿ ಪ್ರಕಟಿಸಿದ ಶೋಧ ಅದು. ಭಾರತದ ಪರಿಮಳಭರಿತ ಜಗಿಯುವ ತಂಬಾಕಿನಲ್ಲಿಯೂ ತಾಂಬೂಲದಲ್ಲಿಯೂ ಅವರಿಗೆ ಎರಡು ಕೃತಕ ಕಸ್ತೂರಿಗಳು ಸಿಕ್ಕಿದವು, ಬಾವರ್ ತೆರೆದ ಮನೆತನದವೇ. ಒಂದು ಮಸ್ಕ್ ಜೈಲೀನ್, ಇನ್ನೊಂದು ಮಸ್ಕ್ ಆಂಬ್ರೆಟ್. ಎರಡನ್ನೂ ಏಮ್ಸರ ತಟ್ಟೆಗೆ ಹಾಕಿದರು. ಮೊದಲನೆಯದರಲ್ಲಿ ಚುಕ್ಕೆಗಳು ಹೆಚ್ಚಲಿಲ್ಲ; ಎರಡನೆಯದರಲ್ಲಿ, ಯಕೃತ್ತಿನ ಸಾರ ಸೇರಿದೊಡನೆ, ಹೆಚ್ಚಿದವು. ನಮ್ಮ ಕಸ್ತೂರಿಬೆಂಡೆಯ ಬೀಜದ ಹೆಸರನ್ನು ಹೊತ್ತ ಆ ವಸ್ತು ವಂಶವಾಹಿಯ ಬರಹವನ್ನು ತಿದ್ದುತ್ತಿದ್ದಿತು. ಮುಂದೆ ಯೂರೋಪಿನಲ್ಲಿ ಅದನ್ನು ಸೌಂದರ್ಯಸಾಧನಗಳಿಂದ ನಿಷೇಧಿಸಿದರು.

ನನ್ನ ಸೋದರಮಾವನ ಜುಬ್ಬದ ಜೇಬಿನಲ್ಲಿ ಒಂದು ಪುಟ್ಟ ತಗಡಿನ ಡಬ್ಬಿ ಇರುತ್ತಿದ್ದಿತು. ಅವರು ನಮ್ಮ ಊರಿಗೆ ಬಂದರೆಂದರೆ ಬೀದಿಯ ತಿರುವಿನಲ್ಲಿಯೇ ಆ ಘಮಘಮ ಮುಂದಾಗಿ ಬಂದು ಸುದ್ದಿ ಕೊಡುತ್ತಿದ್ದಿತು. ನಾವು ಹುಡುಗರು ಅವರ ತೊಡೆಯೇರಿ, “ಮಾವ, ಡಬ್ಬಿ ಮೂಸಿಸು” ಎಂದು ಪೀಡಿಸುತ್ತಿದ್ದೆವು. ಅವರು ಮುಚ್ಚಳವನ್ನು ತುಸುವೇ ತೆರೆದು ಮೂಗಿಗೆ ಹಿಡಿದು, “ಮೂಸಬೇಕು, ತಿನ್ನಬಾರದು” ಎಂದು ನಗುತ್ತಿದ್ದರು. ತಾವು ಮಾತ್ರ ತಿನ್ನುತ್ತಿದ್ದರು. ಐವತ್ತೆಂಟನೆಯ ವಯಸ್ಸಿನಲ್ಲಿ ಅವರ ಕೆನ್ನೆಯೊಳಗೊಂದು ಹುಣ್ಣು ಎದ್ದಿತು. ವರ್ಷ ತುಂಬುವುದರೊಳಗೆ ಅವರಿಲ್ಲವಾದರು. ಅವರನ್ನು ಕೊಂದದ್ದು ಹೊಗೆಸೊಪ್ಪು. ಅದರಲ್ಲಿ ವೈದ್ಯರಿಗೆ ಸಂದೇಹವಿರಲಿಲ್ಲ, ನನಗೂ ಇಲ್ಲ. ಆ ಡಬ್ಬಿಯಲ್ಲಿ ಯಾವ ಕಸ್ತೂರಿಯಿದ್ದಿತೆಂದು ಇನ್ನು ಯಾರೂ ಪರೀಕ್ಷಿಸಲಾರರು. ಆದರೆ ಬರಿಯ ಹೊಗೆಸೊಪ್ಪಿನ ಖಾರಕ್ಕೆ ಅವರು ಅಷ್ಟು ಮನಸೋಲುತ್ತಿದ್ದರೆ? ಕೇಡಿನ ಮನೆಗೆ ಪರಿಮಳ ಬಾಗಿಲಾಯಿತು. ತಟ್ಟೆಯ ಮೇಲೆ ಎಣಿಸಬಹುದಾದ ಚುಕ್ಕೆಗಳಲ್ಲಿ ಈ ಅಪರಾಧ ಕಾಣಿಸಿಕೊಳ್ಳುವುದಿಲ್ಲ. ಇಂದು ಅಂಗಡಿಯ ಮುಂದೆ ತೋರಣದಂತೆ ತೂಗುವ ಬಣ್ಣದ ಚೀಟಿಗಳನ್ನು ಕಂಡಾಗ, ಅವುಗಳಿಂದ ಹೊರಡುವ ಏಲಕ್ಕಿ ಗುಲಾಬಿಗಳ ಘಮವನ್ನು ಕಂಡಾಗ, ನನಗೆ ಆ ಮುಚ್ಚಳ ತೆರೆದ ನೆನಪಾಗುತ್ತದೆ.

ಪರೀಕ್ಷೆಗಳು ಇನ್ನೂ ಮುಗಿದಿಲ್ಲ. ಯೂರೋಪಿನಲ್ಲಿ 2013ರಿಂದ, ನಮ್ಮಲ್ಲಿ 2014ರಿಂದ ಸೌಂದರ್ಯಸಾಧನಗಳಿಗಾಗಿ ಪ್ರಾಣಿಗಳನ್ನು ಹಿಂಸಿಸುವ ಪರೀಕ್ಷೆಗಳು ನಿಂತಿವೆ, ಅದು ಒಳ್ಳೆಯದೇ. ಅದಕ್ಕೆ ಬದಲಾಗಿ ಪ್ರಯೋಗಶಾಲೆಯಲ್ಲಿ ಬೆಳೆಸಿದ ಮನುಷ್ಯಚರ್ಮದ ತುಣುಕುಗಳ ಮೇಲೆ, ಮರಿಯಾಗುವ ಮೊದಲಿನ ಕೋಳಿಮೊಟ್ಟೆಗಳಲ್ಲಿ ಸುಗಂಧಗಳನ್ನು ಪರೀಕ್ಷಿಸುವ ಕ್ರಮಗಳು ಬಂದಿವೆ. ಆದರೂ ನಮ್ಮ ನಾಡಿಗೆ ಸಂಬಂಧಿಸಿದ ಒಂದು ಪ್ರಶ್ನೆಯನ್ನು ನನ್ನ ಮಿತ್ರರು ಎತ್ತಿದರು. ಮೈಸೂರು ಬೆಂಗಳೂರುಗಳು ಊದುಬತ್ತಿಗೆ ಹೆಸರಾದ ಊರುಗಳು. ಎಷ್ಟೋ ಹೆಣ್ಣುಮಕ್ಕಳು ಅದನ್ನು ಹೊಸೆದು ಜೀವನ ನಡೆಸುತ್ತಾರೆ. ಊದುಬತ್ತಿಗೆ ಅದ್ದುವ ಸುಗಂಧದ್ರವದಲ್ಲಿ ಕೃತಕವಸ್ತುಗಳೂ ಇರುತ್ತವೆ. ಅವನ್ನು ದ್ರವರೂಪದಲ್ಲಿ ಪರೀಕ್ಷಿಸಿ ನಿರ್ದೋಷಿಯೆಂದರೂ, ಸುಟ್ಟಾಗ ಹುಟ್ಟುವ ಹೊಗೆಗೆ ಆ ಪ್ರಮಾಣಪತ್ರ ಸಲ್ಲದು; ಬೆಂಕಿ ಎಲ್ಲ ವಸ್ತುಗಳನ್ನೂ ಬೇರೆಯಾಗಿಸುತ್ತದೆ. ದೇವರ ಮನೆಯ ಕಿಟಕಿಯನ್ನು ತೆರೆದಿಡುವುದರಿಂದ ಭಕ್ತಿಗೇನೂ ಕುಂದಿಲ್ಲವಷ್ಟೆ.

ಇನ್ನು ನಮ್ಮ ಮನೆಯ ಮೊಕದ್ದಮೆಯ ತೀರ್ಪು. ವೆನಿಲಾ ಶೀಶೆ ನಿರ್ದೋಷಿಯೆಂದು ಬಿಡುಗಡೆಯಾಯಿತು; ಬಳಸುವಾಗ ಹನಿಗಳನ್ನು ಎಣಿಸಬೇಕೆಂಬ ಷರತ್ತಿನ ಮೇಲೆ. ಬಜೆಯ ಬೇರು ಪೆಟ್ಟಿಗೆಯ ತಳಕ್ಕೆ ಸೇರಿತು, ಸೇರಿಸಿದವರು ಅಮ್ಮನೇ. ಅತ್ತೆ ಸೊಸೆಯರಿಬ್ಬರೂ ಈಗ ಅಂಗಡಿಯಿಂದ ಬಂದ ಪ್ರತಿಯೊಂದು ಪೊಟ್ಟಣದ ಚೀಟಿಯನ್ನೂ ಕೂಡಿ ಓದುತ್ತಿದ್ದಾರೆ. ಸಹಜವೋ, ಸಹಜಕ್ಕೆ ಸಮಾನವೋ, ಕೃತಕವೋ ಎಂದು ನೋಡುವುದರ ಜೊತೆಗೆ, ಅದರೊಳಗೆ ಇನ್ನೇನಿದೆಯೆಂದೂ ನೋಡುತ್ತಾರೆ. ಆದ್ದರಿಂದ ನಮ್ಮ ಮನೆಯಲ್ಲಿ ಕಾಫಿ ಸ್ವಲ್ಪ ತಡವಾಗುತ್ತಿದೆ.

ಪುಡಿಂಗು ಬಲು ಸೊಗಸಾಗಿದ್ದಿತು. ಮಗಳು ಚಮಚವನ್ನು ಬಾಯಿಗಿಡುವ ಮೊದಲು ಕಣ್ಣು ಮುಚ್ಚಿ ದೀರ್ಘವಾಗಿ ಮೂಸಿದಳು. “ಯಾಕಮ್ಮಾ?” ಎಂದೆ.

“ನಾನೂ ಪರೀಕ್ಷೆ ಮಾಡ್ತಿದೀನಿ ಅಪ್ಪಾ” ಎಂದಳು.

ಅವಳ ಪರೀಕ್ಷೆಯಲ್ಲಿ ಅದು ತೇರ್ಗಡೆಯಾಯಿತು. ಮಕ್ಕಳು ಮೂಸಿ ನಂಬುತ್ತಾರೆ. ಆ ನಂಬಿಕೆಗೆ ಮೋಸವಾಗದಂತೆ, ಮೂಗಿಗೆ ಕಾಣದ್ದನ್ನು ಕಾಣುವ ಕೆಲಸ ದೊಡ್ಡವರದು.